ಮಾವನನ್ನು ರಕ್ಕಸ ಮಾಡಿದ್ದು

ನನ್ನ ಕಾದಂಬರಿಗಳಲ್ಲಿ ಕುದುರೆಗಳು ಹಾರುತ್ತವೆ, ಕೆರೆಗಳು ಮಾತಾಡುತ್ತವೆ, ಸತ್ತ ರಾಜಕುಮಾರಿಯರು ಗಿಣಿಗಳಾಗಿ ಬಂದು ದಾಳಿಂಬೆ ತಿನ್ನುತ್ತಾರೆ. ಅವೆಲ್ಲ ಸುಳ್ಳು, ನಾನೇ ಹೊಸೆದದ್ದು. ಆದರೆ ಅವುಗಳಲ್ಲಿ ಬರುವ ರಕ್ಕಸರು, ಮಾಟಗಾರರು, ಒಂಟಿಗಾಲಿನ ದೆವ್ವಗಳು ಮಾತ್ರ ಸುಳ್ಳಲ್ಲ. ಅವರೆಲ್ಲ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ಉಂಡು ತಿಂದು ತಿರುಗಾಡಿಕೊಂಡಿದ್ದವರು. ನಾನು ಛತ್ರಿ ಎತ್ತಿ ಕೂಗುತ್ತ ಓಡಿ ಬರುವುದನ್ನು ಕಂಡೂ ಬಸ್ಸು ಬಿಡಿಸಿದ ಕಂಡಕ್ಟರ್ ಒಂಟಿಗಾಲಿನ ದೆವ್ವವಾದ. ನನ್ನ ಅಕ್ಷರ ಕೋಳಿ ಕೆದರಿದಂತಿದೆ ಎಂದು ನಾಲ್ಕು ಜನರ ಮುಂದೆ ನಕ್ಕ ಕಚೇರಿಯ ಪೇಶಕಾರ ಕಪ್ಪೆಯಾಗಿ ಬಹಳ ದಿನ ಪಾಳುಬಾವಿಯಲ್ಲಿದ್ದ, ಕೊನೆಗೆ ಅವನನ್ನು ಹಾವು ನುಂಗಿತು. ಬೇರೆಯವರು ಸಿಟ್ಟು ಬಂದರೆ ಹೊಡೆದಾಡುತ್ತಾರೆ, ಇಲ್ಲವೆ ಕೋರ್ಟಿಗೆ ಹೋಗುತ್ತಾರೆ. ನನಗೆ ರಟ್ಟೆಯಲ್ಲಿ ಬಲವಿರಲಿಲ್ಲ, ಕೋರ್ಟಿನ ಮೇಲೆ ನಂಬಿಕೆಯಿರಲಿಲ್ಲ. ನಾನು ಬರೆಯುತ್ತಿದ್ದೆ.

ಇಂಥದ್ದನ್ನು ಬರೆಯುವವರು ಮಕ್ಕಳ ಕಣ್ಣಿಗೆ ಮಣ್ಣೆರಚುವವರು, ಸಮಾಜ ಇದ್ದಂತೆ ಬರೆಯಬೇಕು ಎನ್ನುವ ಸಾಹಿತಿಗಳು ಧಾರವಾಡದ ಕಡೆಗೆ ಬೇಕಾದಷ್ಟು ಜನ ಇದ್ದರು. ಒಬ್ಬರು ನನಗೇ ಮುಖಕ್ಕೆ ಹೊಡೆದಂತೆ ಹೇಳಿದರು. ನಾನು ಅವರಿಗೆ ನಮ್ಮ ಕಡೆಯ ಗಾದೆಯನ್ನೇ ಹೇಳಿದೆ: ಇದ್ದದ್ದು ಇದ್ದಂಗ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇದ್ದ ಮನುಷ್ಯನನ್ನು ಇದ್ದ ಹಾಗೆ ಬರೆದು ನೋಡಿ, ಮರುದಿನ ಬಡಿಗೆ ಹಿಡಿದು ಬಾಗಿಲಿಗೆ ಬರುತ್ತಾನೆ. ಅವನಿಗೇ ಎರಡು ಕೊಂಬು ಹಚ್ಚಿ ಬರೆಯಿರಿ, ಪತ್ರಿಕೆ ಕೊಂಡು ಓದುತ್ತಾನೆ. ಆ ಸಾಹಿತಿಗಳಿಗೆ ಇದು ತಿಳಿಯಲಿಲ್ಲ. ಮುಂದೆ ಅವರು ನನ್ನ ಒಂದು ಕಥೆಯಲ್ಲಿ ತನ್ನ ಬಾಲವನ್ನೇ ಅಳೆಯುತ್ತ ಕೂರುವ ಮಂಗನಾದರು.

ಕ್ಷಮೆಯೇ ದೊಡ್ಡ ಗುಣ ಎಂದು ಮಠದಲ್ಲಿ ಪುರಾಣ ಹೇಳುವ ಅಯ್ಯನವರು ಪ್ರತಿ ಶ್ರಾವಣದಲ್ಲೂ ಹೇಳುತ್ತಿದ್ದರು. ನಾನು ಮುಂದಿನ ಸಾಲಿನಲ್ಲೇ ಕೂತು ಭಕ್ತಿಯಿಂದ ಕೇಳುತ್ತಿದ್ದೆ. ಕೇಳಿ ಮನೆಗೆ ಬಂದು, ಇನ್ನು ಯಾರು ಯಾರು ಉಳಿದಿದ್ದಾರೆ ಎಂದು ಯೋಚಿಸುತ್ತಿದ್ದೆ.

ನನ್ನ ಹೊಟ್ಟೆಪಾಡು ಲಿಂಗಸುಗೂರಿನ ತಹಸೀಲ್ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ. ಅರ್ಜಿ ಬರೆದುಕೊಡುವ ಕೆಲಸ. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡವನ್ನು ಅವ್ವನ ಹಾಡುಗಳಿಂದ, ಮಠದ ಪುರಾಣದಿಂದ ಕಲಿತಿದ್ದೆ. ನಿಜಾಮಶಾಹಿ ಹೋದ ಹೊಸತರಲ್ಲಿ ಕಚೇರಿಗೆ ಯಾವ ಭಾಷೆಯಲ್ಲಿ ಬರೆದರೆ ನಡೆಯುತ್ತದೆ ಎಂಬುದು ಕಚೇರಿಯವರಿಗೇ ನೆಟ್ಟಗೆ ಗೊತ್ತಿರಲಿಲ್ಲ. ಎರಡನ್ನೂ ಬಲ್ಲ ನನ್ನಂಥವರಿಗೆ ಅದು ಸುಗ್ಗಿಯ ಕಾಲ. ಗಿರಾಕಿ ಬಂದರೆ ಅರ್ಜಿ, ಎದ್ದು ಹೋದರೆ ಕಾದಂಬರಿ. ಒಂದೇ ಟಾಕು, ಒಂದೇ ಮಸಿಯ ದೌತಿ. ಕೆಲವೊಮ್ಮೆ ಅದರದ್ದು ಇದಕ್ಕೆ ಹತ್ತಿಬಿಡುತ್ತಿತ್ತು. ಮುಕ್ಕುಂದದ ಒಬ್ಬ ರೈತನ ಬದುವಿನ ತಕರಾರಿನ ಅರ್ಜಿಯಲ್ಲಿ, ಎದುರುಗಾರನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಡಿಕಲ್ಲನ್ನು ಮಾಯ ಮಾಡಿ ಇನ್ನೊಂದು ಕಡೆ ಪ್ರತ್ಯಕ್ಷ ಮಾಡಿದನು ಎಂದು ಬರೆದಿದ್ದೆ. ಸಾಹೇಬರು ಆ ರೈತನನ್ನು ಕರೆದು, ಇದು ಪೊಲೀಸರ ಕೆಲಸವೋ ಮಂತ್ರವಾದಿಯದೋ ಎಂದು ಕೇಳಿದರಂತೆ. ಆದರೂ ಅವನಿಗೆ ಜಮೀನು ಸಿಕ್ಕಿತು.

ಸಂಜೆಯಾದರೆ ಮಂಡಾಳೊಗ್ಗರಣೆ, ಮಿರ್ಚಿ, ಒಂದು ಕಪ್ಪು ಚಹಾ. ಆಮೇಲೆ ನಾವು ಬಾಡಿಗೆಗಿದ್ದ ಮನೆಯ ಮಾಲೀಕನಾದ ಸಿಂಪಿಗರ ಕಾಕಾನ ಜೊತೆ ಚೌಕಾಬಾರ. ಅವನು ದಿನವೆಲ್ಲ ಹೊಲಿಗೆ ಯಂತ್ರ ತುಳಿದು ತುಳಿದು ಕಾಲು ಬಾತವನು. ಆಟಕ್ಕೆ ಕೂತರೆ ಮಾತ್ರ ಬೆರಳುಗಳು ಬಲು ಚುರುಕು. ಕವಡೆ ತಿರುಗಿಸಿ ಮೋಸ ಮಾಡುತ್ತಾನೆಂದು ನನಗೆ ಗೊತ್ತಿತ್ತು, ಆದರೆ ಅವನನ್ನು ನಾನು ಎಂದೂ ಕಥೆಗೆ ಹಾಕಲಿಲ್ಲ. ಕಾರಣ ಮುಂದೆ ಬರುತ್ತದೆ. ಆಗೊಮ್ಮೆ ಈಗೊಮ್ಮೆ ಸಿಂಧನೂರಿಗೆ ಹೋಗಿ ಡೇರೆ ಸಿನಿಮಾ ನೋಡಿ ಬರುತ್ತಿದ್ದೆ. ಮಾಯಾಜಾಲದ ಚಿತ್ರ ಬಂದರೆ ಬಿಡುತ್ತಿರಲಿಲ್ಲ. ಹಾರುವ ಮಾಂತ್ರಿಕನ ನಡುವಿಗೆ ಕಟ್ಟಿದ ತಂತಿ ಕಂಡಾಗೆಲ್ಲ ನನಗೆ ಬಹಳ ಸಂತೋಷವಾಗುತ್ತಿತ್ತು. ನನ್ನ ಪುಟಗಳಲ್ಲಿ ತಂತಿ ಕಾಣುವುದಿಲ್ಲವಲ್ಲ.

ಇಷ್ಟೆಲ್ಲ ಸಣ್ಣಪುಟ್ಟ ಸೇಡು. ಕೈ ಪಳಗಲೆಂದು ತೀರಿಸಿಕೊಂಡದ್ದು. ನನ್ನ ಹೊಟ್ಟೆಯಲ್ಲಿ ಕೆಂಡದಂತೆ ಇದ್ದದ್ದು ಒಂದೇ, ಅದು ಮಸ್ಕಿಯ ನನ್ನ ಸೋದರಮಾವ.

ನಲವತ್ತೆಂಟರ ಗಲಾಟೆಯ ಹೊತ್ತಿಗೆ ನಾವು ಸಿಂಧನೂರಿನಲ್ಲಿದ್ದೆವು. ಅಪ್ಪ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಅಂಗಡಿ ಬಿಟ್ಟು, ನಿಜಾಮನ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರಿಕೊಂಡ. ಹಾಗೆ ಹೋದವರ ಮನೆಗಳಿಗೆ ಏನಾಗುತ್ತಿತ್ತೋ ನಮ್ಮ ಮನೆಗೂ ಅದೇ ಆಯಿತು. ನಿಜಾಮನ ಕಡೆಯವರು ಹಾಡುಹಗಲೇ ಬೆಂಕಿ ಹಚ್ಚಿದರು. ಅವ್ವ, ನಾನು, ಉಟ್ಟ ಬಟ್ಟೆಯಲ್ಲಿ ಹೊರಬಿದ್ದು ಜೋಳದ ಹೊಲಗಳ ಒಳಗಿಂದ ಮಸ್ಕಿಯ ದಾರಿ ಹಿಡಿದೆವು. ಅಲ್ಲಿ ಅವ್ವನ ತವರು. ಅವಳ ಅವ್ವ ಬೇಗ ಸತ್ತದ್ದರಿಂದ ತಮ್ಮನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ದಾರಿಯುದ್ದಕ್ಕೂ, ತಮ್ಮನ ಮನೆ ಮುಟ್ಟಿದರೆ ಸಾಕು ಎಂದೇ ಹೇಳುತ್ತ ಬಂದಳು. ಅವಳ ಅಂಗಾಲು ಒಡೆದು ರಕ್ತ ಬರುತ್ತಿತ್ತು.

ಮಸ್ಕಿ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಮಾವ ಮಾಳಿಗೆಯ ಮೇಲೆ ನಿಂತಿದ್ದ. ನಮ್ಮ ಕಡೆ ಮನೆಗಳಿಗೆ ಮಣ್ಣಿನ ಮಾಳಿಗೆ, ಹತ್ತಲು ಒಳಗಿನಿಂದ ಒಂದು ನಿಚ್ಚಣಿಕೆ. ನಾವು ಅಂಗಳಕ್ಕೆ ಬಂದದ್ದನ್ನು ಬಗ್ಗಿ ನೋಡಿದ. ಅವ್ವ ಮುಖವೆತ್ತಿ ನೋಡಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಮತ್ತೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಾಗಿಲಿಗೆ ಅಗುಳಿ ಹಾಕಿದ ಸದ್ದು ಬಂತು. ಶಿಬಿರ ಸೇರಿದವನ ಹೆಂಡತಿಗೆ ಜಾಗ ಕೊಟ್ಟರೆ ತನ್ನ ಮನೆಗೂ ಬೆಂಕಿ ಬಿದ್ದೀತೆಂಬ ಹೆದರಿಕೆ. ಅದು ನನಗೆ ಆಗಲೂ ತಿಳಿದಿತ್ತು, ಈಗಲೂ ತಿಳಿಯುತ್ತದೆ. ತಿಳಿದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದು ಎಲ್ಲಿದೆ?

ಅವ್ವ ಬಾಗಿಲ ಮೇಲೆ ಕೈಯಿಟ್ಟು ಒಂದಿಷ್ಟು ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮ ಹೊಲಕ್ಕ ಹೋಗ್ಯಾನ ಕಾಣತೈತಿ, ನಡಿ ಯಪ್ಪಾ," ಎಂದಳು. ಅವನನ್ನು ನಾನೂ ನೋಡಿದ್ದೆ, ನಾನು ನೋಡಿದ್ದು ಅವಳಿಗೂ ಗೊತ್ತಿತ್ತು. ಇಬ್ಬರೂ ಮತ್ತೆ ನಡೆದು ಲಿಂಗಸುಗೂರು ಸೇರಿದೆವು. ಅಲ್ಲಿ ನಮಗೆ ಏನೂ ಅಲ್ಲದ ಸಿಂಪಿಗರ ಕಾಕಾ ತನ್ನ ಮನೆಯ ಪಡಸಾಲೆ ಬಿಟ್ಟುಕೊಟ್ಟ. ಅವನು ಚೌಕಾಬಾರದಲ್ಲಿ ಎಷ್ಟು ಮೋಸ ಮಾಡಿದರೂ ನನಗೆ ಅಡ್ಡಿಯಿಲ್ಲ. ಅಪ್ಪ ಶಿಬಿರದಿಂದ ಬರಲೇ ಇಲ್ಲ, ಜ್ವರ ಬಂದು ಅಲ್ಲೇ ಹೋದನೆಂದು ಸುದ್ದಿ ಬಂತು.

ಅವ್ವ ಎಲ್ಲವನ್ನೂ ನುಂಗಿಕೊಂಡಳು. ಒಂದನ್ನು ಮಾತ್ರ ನುಂಗಲಾಗಲಿಲ್ಲ. ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಮುದುಕಿಯಾದರೂ ಸರಿ, ಗಂಡ ಸತ್ತವಳಾದರೂ ಸರಿ, ಕರೆಯಲು ಬಂದರೆ ಅವಳಿಗೆ ಹುಟ್ಟಿದ ಮನೆ ಇನ್ನೂ ಇದೆ ಎಂದು ಅರ್ಥ. ಪಂಚಮಿ ಸಮೀಪಿಸಿದಂತೆ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಅವ್ವ ಒಗೆದ ಸೀರೆ ಮಡಚಿ ಗಂಟು ಕಟ್ಟಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ಮಸ್ಕಿ ಕಡೆಯ ಬಸ್ಸಿನ ಸದ್ದಾದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಬ್ಬ ಮುಗಿದ ಮೇಲೆ ಗಂಟು ಬಿಚ್ಚುತ್ತಿದ್ದಳು. ವರ್ಷ ವರ್ಷವೂ ಇದೇ.

"ಯಾಕವ್ವಾ ಹಿಂಗ ಕಾಯ್ತಿ? ಅಂವ ಬರಂಗಿಲ್ಲ," ಎಂದು ನಾನು ಸಿಡುಕಿದರೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು.

"ಅವಗ ನಾಚಿಕಿ ಆಗೇತಿ. ಮಾರಿ ತೋರಸಾಕ ಆಗವಲ್ದು. ತಪ್ಪು ಮಾಡಿದಾಂವ ಹಾಂಗ ಇರತಾನ. ಒಂದಿನ ಬರತಾನ ತಡಿ."

ಅವಳ ಆ ನಂಬಿಕೆ ಕಂಡು ನನ್ನ ಕೆಂಡಕ್ಕೆ ಗಾಳಿ ಹಾಕಿದಂತಾಗುತ್ತಿತ್ತು. ಮಾವ ಮಸ್ಕಿಯಲ್ಲಿ ದಿನೇ ದಿನೇ ಉಬ್ಬುತ್ತಿದ್ದ. ಕಾಲುವೆ ಬರುತ್ತದೆಂಬ ಸುದ್ದಿ ಹಿಡಿದು ಬಳಗಾನೂರಿನ ಕಡೆ ಹೊಲ ಕೊಂಡಿದ್ದ, ಸಿಂಧನೂರಿನ ಪೇಟೆಯಲ್ಲಿ ಕಂತ್ರಾಟುದಾರರ ಸರಿಸಮ ಕೂರುತ್ತಿದ್ದ. ಅವನಿಗೆ ನಾಚಿಕೆಯಾಗಬೇಕು, ಅದೂ ಊರೆಲ್ಲ ನೋಡುವಂತೆ ಆಗಬೇಕು ಎಂದು ನಾನು ನಿಶ್ಚಯಿಸಿದೆ.

ಆಗ ಹುಬ್ಬಳ್ಳಿಯ ಒಂದು ವಾರಪತ್ರಿಕೆ ನನ್ನ ಧಾರಾವಾಹಿ ಹಾಕಿಕೊಳ್ಳಲು ಒಪ್ಪಿತ್ತು. ಅದರಲ್ಲಿ ಒಬ್ಬ ರಕ್ಕಸನನ್ನು ಹುಟ್ಟಿಸಿದೆ. ಗುಡ್ಡದಷ್ಟು ದೊಡ್ಡ ಮನೆಯ ಮಾಳಿಗೆಯ ಮೇಲೆ ಅವನ ವಾಸ. ಕೆಂಪು ರುಮಾಲು, ಬಲಗಿವಿಯಲ್ಲಿ ಒಂಟಿ, ಕುಂಬಳಕಾಯಿಯಷ್ಟು ದೊಡ್ಡ ಬೆಳ್ಳಿಯ ನಶ್ಯದ ಡಬ್ಬಿ. ಸುಳ್ಳು ಹೇಳುವ ಮೊದಲು ಒಂದು ಚಿಟಿಕೆ ನಶ್ಯ ಏರಿಸಿ ಸೀನುತ್ತಾನೆ. ಆ ಸೀನಿಗೆ ಸುತ್ತಲಿನ ಊರುಗಳ ಚಪ್ಪರಗಳು ಹಾರಿಹೋಗುತ್ತವೆ. ಕಷ್ಟದಲ್ಲಿದ್ದವರು ಬಾಗಿಲಿಗೆ ಬಂದರೆ ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಬಂದವರು ನಿಂತಲ್ಲೇ ಕಲ್ಲಾಗುತ್ತಾರೆ. ರುಮಾಲು, ಒಂಟಿ, ನಶ್ಯ, ಸೀನು, ಎಲ್ಲವೂ ಮಾವನವೇ. ನಮ್ಮ ಭಾಗದಲ್ಲಿ ಅವನನ್ನು ಕಂಡ ಯಾರೂ ಗುರುತು ತಪ್ಪುವಂತಿರಲಿಲ್ಲ.

ನಮ್ಮ ಊರುಗಳಲ್ಲಿ ಪತ್ರಿಕೆಯನ್ನು ಒಬ್ಬರು ಓದುತ್ತಾರೆ, ಐವತ್ತು ಜನ ಕೇಳುತ್ತಾರೆ. ಲಿಂಗಸುಗೂರಿನಲ್ಲಿ ಓದುತ್ತಿದ್ದವನು ನಮ್ಮ ಕಾಕಾನೇ. ಸಂಜೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಕಟ್ಟೆಯ ಮೇಲೆ ಕೂತು ರಾಗವಾಗಿ ಓದುತ್ತಿದ್ದ. ರಕ್ಕಸ ಸೀನುವ ಜಾಗ ಬಂದರೆ ತಾನೂ ಸೀನುತ್ತಿದ್ದ. ಹೆಂಗಸರು ಬಾಗಿಲ ಒಳಗೆ ಕೂತು ಕೇಳುತ್ತಿದ್ದರು, ಅವರಲ್ಲಿ ಅವ್ವನೂ ಒಬ್ಬಳು. ಅದು ಯಾರೆಂದು ಅವಳಿಗೆ ಮೊದಲ ವಾರವೇ ತಿಳಿದಿತ್ತು. ಒಮ್ಮೆ ಮಾತ್ರ, "ಅವನ ರುಮಾಲು ಅಷ್ಟು ಕೆಂಪು ಇಲ್ಲ," ಎಂದಳು.

ಮಸ್ಕಿಯಲ್ಲೂ ಓದಿದರು, ಸಿಂಧನೂರಿನ ಸಂತೆಯಲ್ಲೂ ಓದಿದರು. ನಾನು ಕಾದೆ. ಮಾವ ಮುಖ ಮುಚ್ಚಿಕೊಂಡು ಓಡಾಡುವ ಸುದ್ದಿ ಬರಲೆಂದು ಕಾದೆ. ಬಂದ ಸುದ್ದಿಯೇ ಬೇರೆ. ಸಿಂಧನೂರಿನ ಬಯಲಾಟದ ಮೇಳದವರು ನನ್ನ ಕಥೆಯನ್ನು ಆಟಕ್ಕೆ ಎತ್ತಿಕೊಂಡಿದ್ದಾರೆ, ಖರ್ಚಿಗೆ ಮಾವನೇ ಮುಂದಾಗಿದ್ದಾನೆ, ರಕ್ಕಸನ ವೇಷವನ್ನೂ ಅವನೇ ಹಾಕುತ್ತಾನೆ!

ಆಗ ನನ್ನ ಮೂರ್ಖತನ ನನಗೆ ಹೊಳೆಯಿತು. ಉರ್ದು ಶಾಲೆಯಲ್ಲಿ ದೇವು ಎಂಬ ಕೆಟ್ಟ ದೈತ್ಯರ, ಪರಿಗಳ ಕಥೆ ಓದಿ ಬೆಳೆದ ನಾನು, ರಕ್ಕಸ ಎಂದರೆ ಬೈಗುಳ ಎಂದುಕೊಂಡಿದ್ದೆ. ನಮ್ಮ ಜನಕ್ಕೆ ರಕ್ಕಸನೆಂದರೆ ಬಯಲಾಟದ ರಕ್ಕಸ. ಎಲ್ಲರಿಗಿಂತ ದೊಡ್ಡ ಕಿರೀಟ ಅವನದು, ಭುಜಕೀರ್ತಿ ಅವನದು, ರಂಗದ ಅಟ್ಟ ಮುರಿಯುವಂತೆ ಕುಣಿಯುವವನು ಅವನು. ರಾಜನ ಪಾತ್ರ ಯಾರಿಗಾದರೂ ಕೊಟ್ಟಾರು; ರಕ್ಕಸನ ಪಾತ್ರಕ್ಕೆ ಎದೆ ಬೇಕು, ಗಂಟಲು ಬೇಕು, ಊರಲ್ಲಿ ತೂಕ ಬೇಕು. ಅದಕ್ಕಾಗಿ ಮನೆಮನೆಗಳ ನಡುವೆ ಜಗಳವಾದದ್ದಿದೆ. ನಾನು ಮಾವನ ಮುಖಕ್ಕೆ ಮಸಿ ಬಳಿಯಲು ಹೋಗಿ ಅವನಿಗೆ ಊರಿನ ಅತಿ ದೊಡ್ಡ ಕಿರೀಟ ತೊಡಿಸಿದ್ದೆ. ಆ ವಾರ ನನಗೆ ಅನ್ನ ಸೇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಾವ ತಾನಾಗಿಯೇ ನಮ್ಮ ಮನೆಗೆ ಬಂದ. ನಲವತ್ತೆಂಟರ ಆ ಮಧ್ಯಾಹ್ನದ ನಂತರ ಇದೇ ಮೊದಲು. ಕೈಯಲ್ಲಿ ಒಂದು ಜೋಡಿ ಧೋತರ, ಜರಿಯ ರುಮಾಲು. ಆಟದಲ್ಲಿ ಮೆಚ್ಚುಗೆಯಾದವರಿಗೆ ಬಟ್ಟೆ ಕೊಡುತ್ತಾರಲ್ಲ, ಆ ಆಹೇರಿ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಾವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನಶ್ಯ ಏರಿಸಿದ.

"ಏನಳಿಯಾ, ನನ್ನ ರಕ್ಕಸನ್ನ ಮಾಡಿಬಿಟ್ಟಿ," ಎಂದು ನಕ್ಕ. "ಸಿಂಧನೂರಾಗ ಚಾದಂಗಡಿಗೆ ಹೋದ್ರ ಮಂದಿ ಎದ್ದು ಜಾಗಾ ಬಿಡತಾರ. ಮಾಳಿಗಿ ರಕ್ಕಸ ಬಂದ್ರು, ಬರ್ರಿ ಸಾವಕಾರ್ರ ಅಂತಾರ. ನಮ್ಮಪ್ಪ ಅಷ್ಟು ಹೊಲ ಮಾಡಿಟ್ಟು ಹೋದ್ರೂ ನನಗ ಈ ಮರ್ಯಾದಿ ಸಿಕ್ಕಿರಲಿಲ್ಲ ನೋಡು."

ನಾನು ಅವನು ತಂದ ಧೋತರದ ಜೋಡಿಯನ್ನು ಬದಿಗೆ ಸರಿಸಿಟ್ಟೆ.

"ಅದರಾಗ ಅಂವ ಮಾಳಿಗಿ ಮ್ಯಾಲಿಂದ ಬಗ್ಗಿ ನೋಡಿ ಹಿಂದಕ ಸರೀತಾನಲ್ಲ, ಅದು ಬಾಳ ಛಲೋ ಐತಿ. ನಾ ಅಷ್ಟ ತಾಲೀಮು ಮಾಡಾಕತ್ತೀನಿ. ನಿನಗ ಅದು ಹ್ಯಾಂಗ ಹೊಳೀತಪಾ?"

ನಾನು ಅವನ ಮುಖ ನೋಡಿದೆ. ಕಳ್ಳತನವನ್ನೋ ಕೊಂಕನ್ನೋ ಹುಡುಕಿದೆ. ಏನೂ ಇರಲಿಲ್ಲ. ಸೀನಲೂ ಇಲ್ಲ. ಮೆಚ್ಚಿದ ಆಟದ ವಿಷಯ ಕೇಳುವವನ ಹಾಗೆ ನನ್ನ ಉತ್ತರಕ್ಕೆ ಕಾಯುತ್ತ ಕೂತಿದ್ದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಂಗ ಹೊಳೀತು," ಎಂದೆ.

"ಇರಲಿ. ಒಂದ ಮಾತು ಕೇಳಾಕ ಬಂದೀನಿ. ರಕ್ಕಸ ಸಾಯಬೇಕು, ಅದು ನನಗೂ ಗೊತ್ತೈತಿ. ಸಾಯದ ರಕ್ಕಸ ಯಾವ ಆಟದಾಗೂ ಇಲ್ಲ. ಆದ್ರ ಯುದ್ಧ ದೊಡ್ಡದು ಹಾಕು. ಎದುರಿನಾಂವ ಬೆವರು ಇಳಿಸಬೇಕು. ಯುದ್ಧದ ಕುಣಿತ ಇಲ್ಲಂದ್ರ ಕಿರೀಟ ಹಾಕ್ಕೊಂಡು ಏನು ಮಾಡೂದು? ನೀ ಅಷ್ಟು ಮಾಡು, ಈ ಸಲ ಪಂಚಮಿಗೆ ಗಾಡಿ ಕಟ್ಟಿಕೊಂಡು ಬಂದು ಅಕ್ಕನ್ನ ಕರಕೊಂಡು ಹೋಗತೀನಿ."

ಮಾತು ಮುಗಿಸಿ ಎದ್ದ. ಒಳಗೆ ಹೋಗಲಿಲ್ಲ. ಅಂಗಳದಲ್ಲಿ ಕೆರ ಮೆಟ್ಟುತ್ತ, "ಅಕ್ಕಾ, ಆರಾಮಿದ್ದಿಯಿಲ್ಲೋ," ಎಂದು ಕೂಗಿ, ಉತ್ತರ ಬರುವ ಮೊದಲೇ ಬಸ್ಸಿಗೆ ಹೊರಟುಹೋದ.

ಅವನಿಗೆ ಯುದ್ಧ ಬರೆದುಕೊಡುವುದೆಂದರೆ ನನಗೆ ವಿಷ ಕುಡಿದಂತೆ. ಆದರೆ ಅವ್ವನ ಗಂಟು ನೆನಪಾಯಿತು. ಅವಳು ಇಷ್ಟು ವರ್ಷ ಕಾದದ್ದು ಒಂದು ಯುದ್ಧದ ಬೆಲೆಗೆ ಸಿಗುವುದಾದರೆ ಸಿಗಲಿ, ನನ್ನ ಸೇಡನ್ನು ಕಟ್ಟಿ ಅಟ್ಟಕ್ಕೆಸೆಯುತ್ತೇನೆ ಎಂದುಕೊಂಡೆ. ಅಂಥ ಯೋಚನೆ ನನಗೆ ಬಂದದ್ದು ಜೀವನದಲ್ಲಿ ಅದೊಂದೇ ಸಲ. ಒಳಗೆ ಹೋದೆ. ಅವ್ವ ಹಿಟ್ಟಿನ ಕೈಯಲ್ಲೇ ಕೂತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಕರಿದಾಗಿತ್ತು.

"ಇಷ್ಟು ವರ್ಷ ಅವಗ ನಾಚಿಕಿ ಆಗೇತಿ ಅಂತ ಮಾಡಿದ್ದೆ," ಎಂದಳು. ಕೈಗಂಟಿದ ಹಿಟ್ಟು ಉದುರಿಸುತ್ತ ಮತ್ತೆ ಹೇಳಿದಳು. "ಅವಗ ಅದರ ನೆನಪ ಇಲ್ಲ."

"ಯುದ್ಧ ಹಾಕತೀನಿ ಬಿಡವ್ವಾ. ಕರಿಯಾಕ ಬರತೀನಿ ಅಂದಾನ, ಹೋಗಿ ಬಾ."

"ಯಾತರ ಯುದ್ಧ?" ಅವಳ ದನಿ ಏರಲಿಲ್ಲ. ಕರಕಾದ ರೊಟ್ಟಿ ತೆಗೆದು ಬದಿಗಿಟ್ಟಳು. "ಅವನ್ನ ಮಾಳಿಗಿ ಮ್ಯಾಲನ ಬಿಟ್ಟು ನಿಚ್ಚಣಿಕಿ ತಗಿ."

ನಾನು ಕಥೆ ಕಟ್ಟುವವನೆಂದು ಮೆರೆಯುತ್ತಿದ್ದೆ. ಕತ್ತಿ, ಬಾಣ, ಬೆಂಕಿಯ ಮಳೆ, ಹೀಗೆ ಏನೇನೋ ಸಾವುಗಳನ್ನು ಅವನಿಗಾಗಿ ಯೋಚಿಸಿಟ್ಟಿದ್ದೆ. ಇದು ನನ್ನ ತಲೆಗೆ ಬಂದಿರಲಿಲ್ಲ.

ಅವ್ವ ಹೇಳಿದ ಹಾಗೆಯೇ ಬರೆದೆ. ಬೇವಿನ ಗಿಡದ ಕೆಳಗೆ ಕೂತು, ಗಿರಾಕಿಗಳನ್ನು ನಾಳೆ ಬನ್ನಿರೆಂದು ಕಳಿಸಿ, ಒಂದೇ ಪಟ್ಟಿಗೆ ಬರೆದೆ. ಒಂದು ದಿನ ರಕ್ಕಸ ನೋಡಿದಾಗ ನಿಚ್ಚಣಿಕೆ ಇರಲಿಲ್ಲ. ಯಾರೂ ಕದ್ದಿರಲಿಲ್ಲ, ಮುರಿದಿರಲಿಲ್ಲ, ಸುಮ್ಮನೆ ಇರಲಿಲ್ಲ. ರಕ್ಕಸ ಕೂಗಿದ. ಕೆಳಗೆ ಕಲ್ಲಾಗಿದ್ದವರಿಗೆ ಒಬ್ಬೊಬ್ಬರಿಗೆ ಜೀವ ಬಂತು. ತಲೆಯೆತ್ತಿ ಅವನನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು, ತಮ್ಮ ತಮ್ಮ ಊರಿಗೆ ಹೋದರು. ಯುದ್ಧಕ್ಕೆಂದು ಬಂದ ರಾಜಕುಮಾರನೂ ಇಲ್ಲಿ ತನಗೇನು ಕೆಲಸವೆಂದು ಕುದುರೆ ತಿರುಗಿಸಿದ. ರಕ್ಕಸ ನೀರು ಬೇಡಿದ, ಬೈದ, ಅತ್ತ, ನಶ್ಯ ಏರಿಸಿ ಸೀನಿದ. ಬಿಸಿಲು ಅವನನ್ನು ಒಣಮೆಣಸಿನಕಾಯಿಯ ಹಾಗೆ ಒಣಗಿಸಿತು. ಬರೆಯುವಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಅಷ್ಟು ಸುಖ ನನಗೆ ಮುಂದೆ ಮದುವೆಯಲ್ಲೂ ಆಗಲಿಲ್ಲ.

ಪಂಚಮಿಗೆ ಒಂದು ವಾರ ಮೊದಲು ಆ ಸಂಚಿಕೆ ಬಂತು. ಕಾಕಾ ಎಂದಿನಂತೆ ರಾಗ ತೆಗೆದು ಶುರುಮಾಡಿದವನು ಬರಬರುತ್ತ ರಾಗ ಬಿಟ್ಟು ಬರಿದೆ ಓದಿದ. ಮುಗಿದಾಗ ಜನ ಎದ್ದೇಳಲಿಲ್ಲ. "ಯುದ್ಧ ಎಲ್ಲಿ?" ಎಂದು ಯಾರೋ ಕೇಳಿದರು. ಕಾಕಾ ಪುಟ ತಿರುವಿ, ಹಿಂದೆ ಮುಂದೆ ನೋಡಿ, "ಇಲ್ಲ," ಎಂದ. ಅವ್ವ ಒಳಗಿನಿಂದ ಎದ್ದು ಹಿತ್ತಲಿಗೆ ಹೋದಳು. ಬಾವಿಯಿಂದ ಕೊಡ ಸೇದಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರುವಿಕೊಂಡಳು. ಮನೆಯವರು ಸತ್ತ ಸುದ್ದಿ ಬಂದರೆ ಹೆಂಗಸರು ಹಾಗೆ ಮಾಡುತ್ತಾರೆ. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ, ಹತ್ತಿರ ಹೋಗಲಿಲ್ಲ.

ಸಿಂಧನೂರಿನ ಸುದ್ದಿ ಮೂರೇ ದಿನಕ್ಕೆ ಬಂತು, ಸಂತೆಗೆ ಹೋಗಿಬಂದವರು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಯುದ್ಧವಿಲ್ಲದ ರಕ್ಕಸನಿಗೆ ಕಿರೀಟ ಯಾಕೆಂದು ಮೇಳದ ಮಾಸ್ತರ ಅದನ್ನು ಬೇರೆ ಆಟಕ್ಕೆ ತೆಗೆದಿಟ್ಟನಂತೆ. ಮಾವ ಚಹಾದಂಗಡಿಗೆ ಬಂದರೆ ಜನ ಈಗಲೂ ಏಳುತ್ತಾರಂತೆ. ಎದ್ದು, "ನಿಚ್ಚಣಿಕಿ ಸಿಕ್ತೇನ್ರಿ ಸಾವಕಾರ್ರ?" ಎಂದು ಕೇಳುತ್ತಾರಂತೆ. ಕಾಲುವೆಯ ಕೆಲಸಕ್ಕೆ ಬಂದಿದ್ದ ತೆಲುಗು ಮೇಸ್ತ್ರಿಗಳೂ ಆ ಒಂದು ಮಾತನ್ನು ಕನ್ನಡದಲ್ಲಿ ಕಲಿತರಂತೆ. ನಾನು ಒಬ್ಬೊಬ್ಬರ ಬಾಯಿಂದಲೂ ಬೇರೆಬೇರೆಯಾಗಿ ಹೇಳಿಸಿಕೊಂಡು ಕೇಳಿದೆ. ಚಹಾ ನನ್ನ ಖರ್ಚಿನಲ್ಲೇ ಕುಡಿಸಿದೆ.

ಪಂಚಮಿಯ ದಿನ ಬೆಳಿಗ್ಗೆ ಅವ್ವ ಓಣಿಯ ಹೆಂಗಸರ ಜೊತೆ ನಾಗರಕಲ್ಲಿಗೆ ಹಾಲೆರೆದು ಬಂದಿದ್ದಳು. ಹಾಲೆರೆಯುವಾಗ ಇದು ದೇವರ ಪಾಲು, ಇದು ಅಪ್ಪನ ಪಾಲು, ಇದು ಅವ್ವನ ಪಾಲು ಎಂದು ಮನೆಯವರೆಲ್ಲರ ಪಾಲಿನ ಹಾಲು ಬಿಡುವುದು ಪದ್ಧತಿ. ಪ್ರತಿ ವರ್ಷ ಅವಳು ತಮ್ಮನ ಪಾಲನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಬಿಡುತ್ತಿದ್ದಳು, ಅದನ್ನು ನೋಡಿ ನನ್ನ ಮೈ ಉರಿಯುತ್ತಿತ್ತು. ಈ ಸಲ ನನ್ನ ಪಾಲು ಎರೆದು, ಸಿಂಪಿಗರ ಕಾಕಾನ ಪಾಲೆಂದೂ ಎರೆದು, ಬಟ್ಟಲು ಬೋರಲು ಹಾಕಿದಳು.

ನಾವು ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಗೆಜ್ಜೆಯ ಸದ್ದಾಯಿತು. ಮಾವನ ಸವಾರಿ ಗಾಡಿ. ಎತ್ತುಗಳಿಗೆ ಜೂಲು ಹಾಕಿಸಿದ್ದ, ಗಾಡಿಯೊಳಗೆ ಮೆತ್ತನೆಯ ಹಾಸಿಗೆ. ಕರೆಯಲು ಬರುವ ತವರಿನವರು ತರಬೇಕಾದದ್ದೆಲ್ಲ ಇತ್ತು. ಅವನ ಮುಖ ಮಾತ್ರ ಒಂದು ವಾರದಲ್ಲಿ ಇಳಿದುಹೋಗಿತ್ತು. ಇಳಿದವನೇ ನನ್ನ ತೋಳು ಹಿಡಿದ.

"ಅಳಿಯಾ, ಇನ್ನೊಂದು ಅಧ್ಯಾಯ ಬರಿ. ಯಾರೋ ನಿಚ್ಚಣಿಕಿ ತಂದ್ರು ಅಂತ ಬರಿ. ಮಂತ್ರ ಐತಲ್ಲ, ಜೀವ ಬಂತು ಅಂತ ಬರಿ. ನಾ ನನ್ನ ಮಾತು ಉಳಿಸಿಕೊಂಡೀನಿ, ನೋಡು, ಗಾಡಿ ತಂದೀನಿ."

ನಾನು ಮಾತಾಡುವ ಮೊದಲೇ ಅವ್ವ ಹೊರಗೆ ಬಂದಳು. ಪಕ್ಕದ ಮನೆಗಳ ಬಾಗಿಲಲ್ಲಿ ಹೆಂಗಸರು ನಿಂತಿದ್ದರು, ಕಾಕಾ ತನ್ನ ಕಟ್ಟೆಯ ಮೇಲಿದ್ದ. ಮಾವ ಎಲ್ಲರಿಗೂ ಕೇಳುವಂತೆ, "ಅಕ್ಕಾ, ಪಂಚಮಿಗೆ ಕರಿಯಾಕ ಬಂದೀನಿ, ನಡಿ," ಎಂದ.

ಅವ್ವ ಅವನನ್ನು ನೋಡಿ, ಗುರುತಿಲ್ಲದ ಗಂಡಸರ ಮುಂದೆ ಮಾಡುವಂತೆ ಸೆರಗನ್ನು ಹಣೆಯ ತನಕ ಎಳೆದುಕೊಂಡಳು.

"ಕುಂದರ್ರಿ," ಎಂದಳು. ಕಟ್ಟೆ ತೋರಿಸಿದಳು. ಒಳಗೆ ಹೋಗಿ ಒಂದು ತಂಬಿಗೆ ನೀರು, ತಾಟಿನಲ್ಲಿ ಎರಡು ಎಳ್ಳುಂಡೆ ತಂದು ಅವನ ಪಕ್ಕದಲ್ಲಿಟ್ಟಳು. "ಹಬ್ಬದ ದಿನ ಬಾಗಲಿಗೆ ಬಂದವ್ರನ್ನ ಹಂಗ ಕಳಸಬಾರದು. ಯಾವೂರಿನವ್ರು ನೀವು?"

ಮಾವ ನಗಲು ನೋಡಿದ. "ಅಕ್ಕಾ, ನಾನು," ಎಂದ.

"ಯಾವೂರಂದ್ರಿ?"

ಅವನು ನನ್ನ ಕಡೆ ನೋಡಿದ. ಸುತ್ತ ನಿಂತವರ ಕಡೆ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಕೊನೆಗೆ ತಲೆ ತಗ್ಗಿಸಿ ಒಂದು ಉಂಡೆ ಕೈಗೆ ತೆಗೆದುಕೊಂಡು, "ಮಸ್ಕಿ," ಎಂದ.

"ಮಸ್ಕ್ಯಾಗ ನಮಗೂ ಒಬ್ಬ ತಮ್ಮ ಇದ್ದನ್ರಿ," ಎಂದಳು ಅವ್ವ. "ನಾನ ಎತ್ತಿ ಬೆಳಸಿದ್ದೆ. ಹೋದ ವಾರ ತೀರಿಕೊಂಡ. ನೀರು ಹಾಕ್ಕೊಂಡೀನಿ."

ತಂಬಿಗೆ ಖಾಲಿಯಾಗುವ ತನಕ ಕಾದು, ಅದನ್ನು ತೆಗೆದುಕೊಂಡು ಒಳಗೆ ಹೋದಳು. ಮಾವ ಉಂಡೆಯನ್ನು ತಿನ್ನಲಿಲ್ಲ, ಕೆಳಗೂ ಇಡಲಿಲ್ಲ, ಹಾಗೇ ಹಿಡಿದುಕೊಂಡು ಗಾಡಿ ಹತ್ತಿದ. ಗಾಡಿ ಓಣಿ ದಾಟುವವರೆಗೂ ನಾನು ನಿಂತು ನೋಡಿದೆ. ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಅವ್ವ ಉಣ್ಣಲಿಲ್ಲ.